ಕಡಲ ಕೆಸರಿನ ಮೇಡಂ

ನಾಗವೇಣಿ ಮೇಡಂ ಕುಮಟಾ ಬಸ್ಸಿನಿಂದ ಇಳಿದರೆ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಜನ ಮೂಗು ಮುಚ್ಚಿಕೊಳ್ಳುತ್ತಿದ್ದರು. ಕೈಯಲ್ಲಿ ಊಟದ ಕ್ಯಾರಿಯರ್, ಅದರೊಳಗೆ ಕಡಲ ಕೆಸರು. ಮೀನು ಮುಟ್ಟದ ಹೆಗಡೇರ ಮನೆ ಹೆಂಗಸು ಮೀನು ತರುವುದೆಂದರೇನು ಎಂದು ಊರೆಲ್ಲ ಗುಸುಗುಸು! ಮೇಡಂ ಯಾರಿಗೂ ಸಮಜಾಯಿಷಿ ಕೊಟ್ಟವರಲ್ಲ. ಕಂಡಕ್ಟರ್ ತಗಾದೆ ತೆಗೆದರೆ ಮಾತ್ರ ಮುಚ್ಚಳ ಬಿಚ್ಚಿ ತೋರಿಸುತ್ತಿದ್ದರಂತೆ. ಮುಚ್ಚಿ ಮಾರಾಯ್ರೆ ಎಂದು ಅವನೇ ಕೈಮುಗಿಯುತ್ತಿದ್ದನಂತೆ.

ತೊಂಬತ್ತರ ದಶಕದಲ್ಲಿ ಅವರು ನಮಗೆ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ಚಿಟಿಕೆ ಕೆಸರಿನಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ, ಜಾಗಕ್ಕಾಗಿ ಅವು ಒಂದನ್ನೊಂದು ಕೊಲ್ಲುತ್ತವೆ, ಆ ವಿಷವೇ ನಮಗೆ ಮದ್ದಾಗಬಹುದು ಎಂದು ಹೇಳುವ ಭರದಲ್ಲಿ ಸೀಮೆಸುಣ್ಣ ಮುರಿದೇಹೋಗುತ್ತಿತ್ತು. ನಲ್ಲಿ ನೀರಿಗೆ ಅಡುಗೆ ಉಪ್ಪು ಕದಡಿ ಅವನ್ನು ಬೆಳೆಸಲು ಹೋಗಿ ನಾನು ಚೆನ್ನಾಗಿ ಬೈಸಿಕೊಂಡಿದ್ದೆ. ಕಡಲಿನದಕ್ಕೆ ಕಡಲ ನೀರೇ ಆಗಬೇಕಂತೆ.

ಆ ವರ್ಷ ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಜೋರಾಗಿ ಕಾಲಿನ ಹುಣ್ಣು ಮಾಯುತ್ತಿರಲಿಲ್ಲ. ಬೆರಳು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಮೇಡಂ ಆ ಹುಣ್ಣಿನ ಕೀವಿನ ಬ್ಯಾಕ್ಟೀರಿಯಾವನ್ನೇ ಗಾಜಿನ ತಟ್ಟೆಯ ತುಂಬ ಬೆಳೆಸಿ, ನಡುವೆ ಕೆಸರಿನ ಬ್ಯಾಕ್ಟೀರಿಯಾದ ಒಂದು ಚುಕ್ಕೆ ಇಟ್ಟರು. ಮರುದಿನ ನೋಡುತ್ತೇನೆ, ಅಬ್ಬಾ! ಚುಕ್ಕೆಯ ಸುತ್ತ ತಿಳಿಯಾದ ಉಂಗುರ. ಕೀವಿನದು ಅಲ್ಲಿ ಹೆಸರಿಗೂ ಇಲ್ಲ. ಇಬ್ಬರೂ ಕೈಹಿಡಿದುಕೊಂಡು ಕುಣಿದೇಬಿಟ್ಟೆವು.

ಒಂಚೂರು ಕೊಡಿ, ಅಪ್ಪಯ್ಯನಿಗೆ ಹಚ್ಚುತ್ತೇನೆ ಎಂದೆ. ಮೇಡಂ ತಟ್ಟೆ ಮುಚ್ಚಿದರು.

“ಕೂಸೇ, ಇದು ಔಷಧ ಅಲ್ಲ. ಔಷಧ ಆಗ್ಲಕ್ಕು, ಅಷ್ಟೇಯ. ತಟ್ಟೇಲಿ ಕೀವಿಂದನ್ನ ಕೊಂದದ್ದು ಮೈಯಲ್ಲಿ ಎಂತೆಂತ ಕೊಲ್ತು ಹೇಳಿ ಯಾರಿಗೆ ಗೊತ್ತಿದ್ದು?”

ಆಗಬಹುದು ಎನ್ನುವ ಆ ಒಂದು ಮಾತಿಗೆ ನನ್ನ ಮೈ ಉರಿದುಹೋಯಿತು. ಅತ್ತು ಗೋಗರೆದೆ. ಅವರು ತಟ್ಟೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಪ್ಪಯ್ಯನ ಬೆರಳು ಹೋಯಿತು. ಆಸ್ಪತ್ರೆಗೆ ನೋಡಲು ಬಂದ ಮೇಡಂಗೆ ನಾನು ಮುಖ ಕೊಡಲಿಲ್ಲ. ಇವರಿಂದಲೇ ಹೋಯಿತು ಎಂದು ತಿಂಗಳುಗಟ್ಟಲೆ ಹಲ್ಲು ಕಡಿದೆ.

ಕೊನೆಗೊಂದು ದಿನ, ಅವರು ಮಾದರಿ ಕಳಿಸಿದ್ದ ದೊಡ್ಡ ಪ್ರಯೋಗಾಲಯದಿಂದ ಕಾಗದ ಬಂತು. ಆ ವಿಷ ಕೀವಿನ ಬ್ಯಾಕ್ಟೀರಿಯಾದ ಜೊತೆಗೆ ಮನುಷ್ಯನ ರಕ್ತಕಣಗಳನ್ನೂ ಒಡೆಯುತ್ತದಂತೆ. ಅದನ್ನೇ ಅಲ್ಲವೇ ನಾನು ಅಪ್ಪಯ್ಯನ ಹುಣ್ಣಿಗೆ ಹಚ್ಚಲು ಹೊರಟಿದ್ದು! ನೋಡಿದೆಯಾ ಎಂದು ಮೇಡಂ ಒಂದು ಮಾತು ಆಡಲಿಲ್ಲ. ಅಳಿವೆಯ ಆಚೆ ದಡದ ಕೆಸರು ಇನ್ನೂ ನೋಡಿಲ್ಲ, ಶನಿವಾರ ಬರ್ತೀಯಾ ಎಂದು ಕೇಳಿದರು. ಹೋಗದೆ ಇರುತ್ತೇನೆಯೇ!

ಹೀಗೆ ಎಷ್ಟೋ ಶನಿವಾರ. ಅವರ ಯಾವ ಚುಕ್ಕೆಯೂ ಔಷಧವಾಗಲಿಲ್ಲ. ನಿವೃತ್ತರಾಗಿ ಕೆಲವು ವರ್ಷಕ್ಕೆ ಮೇಡಂ ತೀರಿಕೊಂಡರು. ಸುದ್ದಿ ಕೇಳಿದ ಅಪ್ಪಯ್ಯ ರಿಕ್ಷಾ ಬೇಡವೆಂದ. ಒಂದು ಬೆರಳಿಲ್ಲದ ಆ ಕಾಲಲ್ಲೇ ಅವರ ಮನೆಯ ಏರು ಹತ್ತಿದ. ಕಣ್ಣು ಮಂಜಾಗಿ ನಾನೇ ಹಿಂದೆ ಉಳಿದೆ.