ಹೊಟ್ಟೆ ಓಹಾಯೋದಲ್ಲಿ, ಡಾಕ್ಟರು ರಾಣೆಬೆನ್ನೂರಿನಲ್ಲಿ

ಅರ್ಧ ಗಡ್ಡ ಬೋಳಿಸಿಕೊಂಡಿರುವಾಗ ಅಮೆರಿಕದಿಂದ ಫೋನ್ ಬರಬಾರದು. ಬಂದರೆ ಇನ್ನರ್ಧ ಗಡ್ಡ ಆ ದಿನ ಹಾಗೆಯೇ ಉಳಿಯುತ್ತದೆ.

ಈಚೆಗೆ ನನಗೆ ಆದದ್ದು ಅದೇ. ನಮ್ಮ ಮನೆಯಲ್ಲಿ ಫೋನ್ ಇಲ್ಲ. (ಅರ್ಜಿ ಹಾಕಿದ್ದೇನೆ. ಅದು ಬರುವಷ್ಟರಲ್ಲಿ ಮಗಳ ಮದುವೆ ಆಗಿರುತ್ತದೆ. ಮಗಳು ಈಗ ಎರಡನೆಯ ಇಯತ್ತೆ.) ಹಾವೇರಿಯ ನಮ್ಮ ಓಣಿಗೆಲ್ಲ ಇರುವುದು ಒಂದೇ ಫೋನು, ಪಕ್ಕದ ಮನೆಯದು. ಆ ಮನೆಯಾಕೆ ಕಂಪೌಂಡಿನ ಆಚೆಯಿಂದ ಕೂಗಿದರು.

"ಸರ್, ಲಗೂನ ಬರ್ರಿ! ನಿಮ್ಮ ತಂಗಿ ಫೋನ್ ಮಾಡ್ಯಾಳ. ಅಳಾಕತ್ತಾಳ!"

ಮುಖದ ಸೋಪನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತ ಓಡಿದೆ. ಸಮುದ್ರದ ಅಡಿಯಿಂದ ಬಂದಂತೆ ಗಿರಿಜೆಯ ದನಿ.

"ಅಣ್ಣಾ, ಹೊಲಿಗಿ ಹಾಕಿದ ಜಾಗಾ ಕೆಂಪಗಾಗೇತಿ. ಮೈ ಸುಡಾಕತ್ತೈತಿ. ನಮ್ಮ ಡಾಕ್ಟರಿಗೆ ಕೇಳು."

"ಅಲ್ಲೇ ದವಾಖಾನಿಗೆ ಹೋಗಬಾರದೇನವಾ?"

"ಹೆಂಗ ಹೋಗ್ಲಿ? ಇಲ್ಲಿ ನಮಗ ಇನ್ಶೂರೆನ್ಸ್ ಎಲ್ಲೈತಿ? ನೀ ಡಾಕ್ಟರಿಗೆ ಕೇಳಿ ಫೋನ್..."

ಲೈನ್ ಕಟ್ಟಾಯಿತು. ಕೈಯಲ್ಲಿ ರಿಸೀವರ್, ಒಂದು ಕೆನ್ನೆಗೆ ಗಡ್ಡ. ಹಾಗೆಯೇ ನಿಂತೆ.

ಗಿರಿಜೆ ನನ್ನ ಒಬ್ಬಳೇ ತಂಗಿ. ನಾವಿಬ್ಬರೂ ಹುಟ್ಟಿ ಬೆಳೆದದ್ದು ಬ್ಯಾಡಗಿಯಲ್ಲಿ, ಮೆಣಸಿನಕಾಯಿ ದಲಾಲಿಯ ಮನೆಯಲ್ಲಿ. ನಾನು ಹಾವೇರಿಗೆ ಬಂದು ಮಾಸ್ತರನಾದೆ. ಅವಳು ಮದುವೆಯಾಗಿ ಅಮೆರಿಕದ ಓಹಾಯೋ ಎಂಬಲ್ಲಿಗೆ ಹೋದಳು. ಅವಳ ಗಂಡ ಒಂದು ಕಾರ್ಖಾನೆಯಲ್ಲಿ ನಕ್ಷೆ ತೆಗೆಯುವ ಕೆಲಸದಲ್ಲಿದ್ದ. ಕಾರ್ಖಾನೆ ಮುಚ್ಚಿತು. ಕೆಲಸದ ಜೊತೆಗೇ ಇನ್ಶೂರೆನ್ಸೂ ಹೋಯಿತು. ಆ ದೇಶದಲ್ಲಿ ಎರಡೂ ಜೋಡೆತ್ತಂತೆ, ಒಂದು ಕುಂಟಿದರೆ ಇನ್ನೊಂದೂ ನಿಲ್ಲುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಗಿರಿಜೆಯ ಪಿತ್ತಕೋಶದಲ್ಲಿ ಹರಳು ಕಾಣಿಸಿಕೊಂಡವು.

ಅಲ್ಲಿ ಆಪರೇಶನ್ನಿಗೆ ಕೇಳಿದ ರೊಕ್ಕದಲ್ಲಿ ಬ್ಯಾಡಗಿ ಪೇಟೆಯಲ್ಲಿ ಒಂದು ಅಂಗಡಿ ಹಿಡಿಯಬಹುದಿತ್ತು. ಹೋಗಿಬರುವ ವಿಮಾನದ ಟಿಕೆಟ್ ತೆಗೆಸಿ, ಇಲ್ಲಿ ಕೊಯ್ಯಿಸಿಕೊಂಡು, ಬ್ಯಾಡಗಿಯ ಮನೆಯ ಗಂಜಿ ಕುಡಿದು ಹೋದರೂ ಅದರ ಕಾಲುಭಾಗ ಆಗುತ್ತಿರಲಿಲ್ಲ. ಹಾಗಾಗಿ ಬಂದಳು. (ನಮ್ಮವರು ಆಪರೇಶನ್ನಿಗೆ ಫಾರಿನ್ನಿಗೆ ಹೋಗುವುದನ್ನು ಪೇಪರಿನಲ್ಲಿ ಓದಿದ್ದೆ. ಫಾರಿನ್ನಿನಿಂದ ರಾಣೆಬೆನ್ನೂರಿಗೆ ಬಂದದ್ದನ್ನು ನೋಡಿದ್ದು ಇದೇ ಮೊದಲು.)

ಅಮೆರಿಕದಲ್ಲಿ ಇದ್ದು ಬಂದವಳಲ್ಲವೇ, ಅವಳ ತಲೆಯಲ್ಲಿ ಒಂದೇ ಹುಳ. ಆಪರೇಶನ್ ಹೇಗೋ ಆಗುತ್ತದೆ, ಆಮೇಲೆ ಏನಾದರೂ ಹೆಚ್ಚುಕಮ್ಮಿ ಆದರೆ? ಅದಕ್ಕೊಂದು ವಿಮೆ ಸಿಗುತ್ತದೆಯೇ? ಹಲಗೇರಿಯ ನನ್ನ ಗೆಳೆಯನೊಬ್ಬ ವಿಮಾ ಏಜೆಂಟ. ಸತ್ತವರ ಮನೆಗೆ ಮಾತನಾಡಿಸಲು ಹೋದಾಗಲೂ ಪಾಲಿಸಿ ಮಾಡಿಸಿ ಬಂದ ಪುಣ್ಯಾತ್ಮ. ಅವನನ್ನೇ ಕರೆಸಿದೆ. ಗಿರಿಜೆಯ ಮಾತನ್ನೆಲ್ಲ ಕೇಳಿ ಅವನು ಮೊದಲ ಬಾರಿಗೆ ಬ್ಯಾಗಿನ ಬಾಯಿ ತೆರೆಯಲಿಲ್ಲ.

"ತಂಗೀ, ಹರಳು ಹುಟ್ಟೂಕಿಂತ ಮೊದಲ ಬರಬೇಕಿತ್ತವಾ. ಹರಳು ಕೈಯಾಗ ಹಿಡಕೊಂಡು ಬಂದವರಿಗೆ ಯಾವ ಕಂಪನಿ ಪಾಲಿಸಿ ಕೊಡತೈತಿ?"

"ಹರಳಿಗೆ ಬ್ಯಾಡ್ರಿ. ಆಮ್ಯಾಲೆ ಕೀವುಗೀವು ಆದ್ರ, ಅದಕ್ಕ."

"ಅದು ಹರಳಿನ ಮಗಾನ ಅಲ್ಲೇನು?" ಎಂದವನು ಚಹಾ ಕುಡಿದು ಎದ್ದ.

ಹಾಗಂತ ನಮ್ಮವರು ಗಿರಿಜೆಯನ್ನು ವಿಮೆಯಿಲ್ಲದೆ ಬಿಟ್ಟರೆಂದು ತಿಳಿಯಬೇಡಿ. ಚಿಗವ್ವ (ನಮ್ಮ ಕಾಕಾನ ಹೆಂಡತಿ, ಅವ್ವ ಹೋದ ಮೇಲೆ ನಮ್ಮಿಬ್ಬರನ್ನೂ ಸಾಕಿದವಳು) ಬ್ಯಾಡಗಿಯಿಂದ ಕಾಗಿನೆಲೆಗೆ ನಡೆದು ಬರುತ್ತೇನೆಂದು ಹರಕೆ ಹೊತ್ತಳು. ಕಾಕಾ ಒಂದು ದೇವರಿಗೆ, ಸೋದರತ್ತೆ ಇನ್ನೊಂದು ದೇವರಿಗೆ. ಕಂಪನಿಯವರು ಮೊದಲು ಕಂತು ಕಟ್ಟಿಸಿಕೊಂಡು ಆಮೇಲೆ ತಕರಾರು ತೆಗೆಯುತ್ತಾರೆ. ನಮ್ಮ ದೇವರುಗಳು ಕೆಲಸ ಮುಗಿಸಿಕೊಟ್ಟ ಮೇಲೆಯೇ ಕೈ ಚಾಚುವುದು. ಯಾರ ವ್ಯವಹಾರ ಚೊಕ್ಕ, ನೀವೇ ಹೇಳಿ.

ಆಪರೇಶನ್ ಚೆನ್ನಾಗಿಯೇ ಆಯಿತು. ರಾಣೆಬೆನ್ನೂರಿನ ನಮ್ಮ ಡಾಕ್ಟರ ಕೈಗುಣ ದೊಡ್ಡದು. (ಹೆಸರು ಬರೆದರೆ ನನ್ನ ಹೊಟ್ಟೆ ಕೊಯ್ಯುವುದಾಗಿ ಹೆದರಿಸಿದ್ದಾರೆ.) ಹೊರಡುವ ಮುಂಚೆ ಕೊನೆಯ ಸಲ ತೋರಿಸಲು ಹೋದಾಗ ಗಿರಿಜೆ ಕೇಳಿದಳು.

"ಡಾಕ್ಟರ್, ಅಲ್ಲಿ ಹೋದಮ್ಯಾಲೆ ಏನರ..."

"ಬಿಡ್ತು ಅನ್ನು!" ಚಿಗವ್ವ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಹೊಂಟು ನಿಂತ ಹೊತ್ತಿನಾಗ ಅಂಥಾ ಮಾತು ಆಡ್ತಾರೇನು?"

ಗಿರಿಜೆ ಇನ್ನೊಮ್ಮೆ ಬಾಯಿ ತೆರೆದಳು. ಚಿಗವ್ವ ಇನ್ನೊಮ್ಮೆ ಮುಚ್ಚಿಸಿದಳು. ಕೆಟ್ಟದ್ದನ್ನು ನಾಲಿಗೆಯ ಮೇಲೆ ತಂದರೆ ಅದು ಮನೆಯ ದಾರಿ ಹಿಡಿಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನಂಬದವರೂ ಸುಮ್ಮನಾಗುತ್ತಾರೆ. ಡಾಕ್ಟರೂ ಈ ಮಣ್ಣಿನವರೇ ತಾನೇ? ನಕ್ಕು ಅಂದರು: "ಏನೂ ಆಗೂದಿಲ್ಲ, ಧೈರ್ಯಲೆ ಹೋಗಿ ಬಾ. ಏನರ ಆದ್ರ ನಾ ಏನು ಊರು ಬಿಟ್ಟು ಓಡಿ ಹೋಗ್ತೇನೇನು?"

ಎಲ್ಲರೂ ನಕ್ಕೆವು. ಊರು ಬಿಟ್ಟು ಹೋಗುವವಳು ಗಿರಿಜೆ ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಅವಳು ಅಲ್ಲಿ ತಲುಪಿ ಕೆಲವೇ ದಿನಕ್ಕೆ ಈ ಫೋನು.

ರಾಣೆಬೆನ್ನೂರಿನ ಡಾಕ್ಟರಿಗೆ ಫೋನ್ ಹಚ್ಚಿದೆ. ಅವರ ಫೋನು ಎಂದಿನಂತೆ ಸತ್ತಿತ್ತು. ಹಾಗೆಯೇ ಬಸ್ಸು ಹತ್ತಿದೆ. ಮೋಟೆಬೆನ್ನೂರಿನಲ್ಲಿ ಡ್ರೈವರ್ ಚಹಾಕ್ಕೆ ಇಳಿದ. ಅವನು ಕಪ್ಪಿನಿಂದ ಬಸಿಗೆ ಸುರುವಿಕೊಂಡು ಆರಿಸಿ ಆರಿಸಿ ಕುಡಿಯುವುದನ್ನು ಕಿಟಕಿಯಿಂದ ನೋಡುತ್ತ ಹಲ್ಲು ಕಡಿದೆ. ಒಂದು ಚಹಾಕ್ಕೆ ಇಷ್ಟು ಹೊತ್ತೇ? ಅಲ್ಲಿ ನನ್ನ ತಂಗಿಯ ಮೈ ಸುಡುತ್ತಿದೆ. ಯಾರಿಗೆ ಹೇಳುವುದು? ಪಕ್ಕದಲ್ಲಿ ಕುಳಿತವರು ನನ್ನ ಅರ್ಧ ಗಡ್ಡವನ್ನೇ ನೋಡುತ್ತಿದ್ದರು.

ಡಾಕ್ಟರು ಆಗಷ್ಟೇ ದವಾಖಾನೆಯ ಬಾಗಿಲು ತೆಗೆದಿದ್ದರು. ನಾನು ಅರ್ಧ ಹೇಳುವಷ್ಟರಲ್ಲಿ ಅವರ ಮುಖ ಬದಲಾಯಿತು. ಕೊರಳಿನ ಸ್ಟೆಥೊಸ್ಕೋಪನ್ನೂ ತೆಗೆಯದೆ ನನ್ನ ಜೊತೆ ಬಸ್ ಸ್ಟ್ಯಾಂಡಿನ ಎದುರಿನ ಎಸ್‌ಟಿಡಿ ಬೂತಿಗೆ ನಡೆದರು. ಫೋನಿಗೇ ಸ್ಟೆಥೊಸ್ಕೋಪ್ ಹಚ್ಚುತ್ತಾರೆ ಎಂದುಕೊಂಡನೋ ಏನೋ, ಬೂತಿನ ಮಾಲಕ ಗಾಬರಿಯಾಗಿ ಎದ್ದು ನಿಂತ.

ಬಹಳ ಹೊತ್ತು ತಿರುಗಿಸಿದ ಮೇಲೆ ಲೈನ್ ಸಿಕ್ಕಿತು. ಆಮೇಲೆ ನಡೆದದ್ದನ್ನು ನಾನು ಇದ್ದ ಹಾಗೆಯೇ ಬರೆಯುತ್ತೇನೆ. ದನಿ ಎಷ್ಟು ದೊಡ್ಡದಾಗಿ ಬರುತ್ತಿತ್ತೆಂದರೆ ಬಾಗಿಲಲ್ಲಿ ನಿಂತ ನನಗೂ ಕೇಳುತ್ತಿತ್ತು.

"ಗಿರಿಜಾ, ಕನ್ನಡಿ ಮುಂದ ನಿಂತೀಯೇನು? ಕೆಂಪು ಅಂದ್ರ ಎಂಥಾ ಕೆಂಪು?"

"ಕೆಂಪ್ರಿ ಡಾಕ್ಟರ್... ಕೆಂಪಗ ಐತಿ."

"ಬ್ಯಾಡಗ್ಯಾಗ ಹುಟ್ಟಿದಾಕಿ ನೀ. ಕೆಂಪು ಅಂದ್ರ ಒಂದ ಬಣ್ಣೇನು? ಒಣಗಿದ ಮೆಣಸಿನಕಾಯಿ ಬಣ್ಣೋ, ಗಿಡದಾಗಿನ ಹಣ್ಣಗಾಯಿ ಬಣ್ಣೋ?"

ಆಮೇಲೆ ಅವಳ ದನಿ ಬಂತು. ಅಳು ನಿಂತಿತ್ತು. ಪೇಟೆಯಲ್ಲಿ ಅಪ್ಪನ ಪಕ್ಕ ಕುಳಿತು ಚೀಲದೊಳಗೆ ಕೈ ಹಾಕುತ್ತಿದ್ದ ಹುಡುಗಿಯ ದನಿ ಅದು.

"ಹಣ್ಣಗಾಯಿ ಬಣ್ಣರಿ. ಮ್ಯಾಲೆ ಮಿಂಚತೈತಿ."

"ಬೆರಳಲೆ ಮುಟ್ಟಿ ನೋಡು. ಎಲ್ಲಾ ಕಡೆ ಗಟ್ಟಿ ಐತೇನು?"

"ಇಲ್ಲರಿ. ಒಂದು ತುದಿ ಮೆತ್ತಗೈತಿ. ಒಳಗ ಹಸಿ ಉಳದ ಕಾಯಿ ಹಂಗ."

ಡಾಕ್ಟರು ಕಣ್ಣು ಮುಚ್ಚಿದರು. ಬ್ಯಾಡಗಿಯಲ್ಲಿ ಬೆಳೆದ ನನಗೂ ಬೇರೆ ಯಾರೂ ಹೇಳಬೇಕಾಗಲಿಲ್ಲ. ತೊಟ್ಟಿನ ಹತ್ತಿರ ಹಸಿ ಉಳಿದ ಕಾಯಿ ಹೊರಗೆ ಥಳಥಳ ಹೊಳೆಯುತ್ತದೆ. ಚೀಲ ತುಂಬಿ ಬಾಯಿ ಹೊಲಿದ ಮೇಲೆ ಒಳಗೊಳಗೇ ಬೂಸಲು ಹಿಡಿದು ಪಕ್ಕದ ಕಾಯಿಗಳನ್ನೂ ಕೆಡಿಸುತ್ತದೆ.

"ಗಿರಿಜಾ, ಒಳಗ ಕೀವು ಐತಿ. ಅದನ್ನ ತಗೀಬೇಕು. ಈಗಿಂದೀಗ ದವಾಖಾನಿಗೆ ಹೋಗು. ಅಲ್ಲೀಗ ರಾತ್ರಿ ಅಂತ ಮುಂಜಾನಿ ತನಕ ಕಾಯಬ್ಯಾಡ."

"ಬಿಲ್ಲು..."

"ಬಿಲ್ಲು ಆಮ್ಯಾಲೆ. ನೀ ಇದ್ರಲ್ಲೇನು ಬಿಲ್ಲು ಕಟ್ಟೂದು?"

(ಈ ಮಾತನ್ನು ಚಿಗವ್ವ ಕೇಳಿದ್ದರೆ ಡಾಕ್ಟರ ಬಾಯಿಗೂ ಕೈ ಅಡ್ಡ ಹಿಡಿಯುತ್ತಿದ್ದಳು.)

ಅಷ್ಟರಲ್ಲಿ ಗಿರಿಜೆಯ ಗಂಡ ಫೋನ್ ತೆಗೆದುಕೊಂಡ. ಇಂಡಿಯಾದಲ್ಲಿ ಏನೇನು ಮಾಡಿದ್ದಾರೆಂದು ಅಲ್ಲಿಯ ಆಸ್ಪತ್ರೆಯವರು ಕೇಳಿದರೆ ತಾನು ಏನು ಹೇಳಲಿ ಎಂಬುದು ಅವನ ಚಿಂತೆ.

"ಎಲ್ಲಾ ಬರದು ಕಾಗದ ಕೊಟ್ಟೇನಲ್ಲಪಾ. ಅದನ್ನ ತೋರಸು," ಎಂದರು ಡಾಕ್ಟರು.

"ಅದು ಅಲ್ಲೇ ಬ್ಯಾಡಗ್ಯಾಗ ಉಳದೈತ್ರಿ."

ಆಗ ತಿಳಿಯಿತು. ಹೊರಡುವ ದಿನ ಚಿಗವ್ವ ಗಿರಿಜೆಯ ಬ್ಯಾಗಿನಿಂದ ದವಾಖಾನೆಯ ಕಾಗದಗಳನ್ನೆಲ್ಲ ತೆಗೆದು ದೇವರ ಜಗುಲಿಯ ಮೇಲೆ ಇಟ್ಟಿದ್ದಳಂತೆ. ಪ್ರಯಾಣಕ್ಕೆ ಹೊರಟವರು ರೋಗದ ಕಾಗದ ಕಟ್ಟಿಕೊಂಡು ಹೋದರೆ ರೋಗವೂ ಹಿಂದೆಯೇ ಹೋಗುತ್ತದಂತೆ. ಹಿರಿಯಳ ಮನಸ್ಸು ನೋಯಿಸಬಾರದೆಂದು ಗಿರಿಜೆ ಸುಮ್ಮನಿದ್ದಳು. ರೋಗ ಹೋಯಿತು, ಕಾಗದ ಉಳಿಯಿತು. ಸಿಟ್ಟು ಬಂತು ನನಗೆ. ಆದರೆ ಯಾರ ಮೇಲೆ? ಅದೇ ಚಿಗವ್ವ ಆ ಹೊತ್ತಿಗೆ ಕಾಗಿನೆಲೆಯ ದಾರಿಯಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಳು.

ಡಾಕ್ಟರು ನೆನಪಿನಿಂದಲೇ ಹೇಳತೊಡಗಿದರು. ಏನು ಕೊಯ್ದದ್ದು, ಯಾವ ದಾರ ಹಾಕಿದ್ದು, ಯಾವ ಔಷಧ ಕೊಟ್ಟದ್ದು, ಯಾವುದು ಅವಳಿಗೆ ಒಗ್ಗುವುದಿಲ್ಲ. ಅವನು ಅಲ್ಲಿ ಬರೆದುಕೊಳ್ಳುತ್ತಿದ್ದ. ಕೊನೆಗೆ ಡಾಕ್ಟರು ತಮ್ಮ ಪೂರ್ತಿ ಹೆಸರನ್ನು ಇಂಗ್ಲಿಷಿನ ಒಂದೊಂದೇ ಅಕ್ಷರವಾಗಿ ಹೇಳಿದರು. "ಯಾರು ಮಾಡಿದ್ರು ಅಂತ ಕೇಳಿದ್ರ ನನ್ನ ಹೆಸರು ಹೇಳು. ಮುಚ್ಚಿಡಬ್ಯಾಡ. ಈ ಬೂತಿನ ನಂಬರ ಬರಕೋ, ಮುಗದ ಕೂಡಲೇ ಫೋನ್ ಮಾಡು."

ಆಮೇಲೆ ಕಾಯುವುದು. ಕಾದದ್ದು ಎಷ್ಟು ಹೊತ್ತೋ, ಗಡಿಯಾರ ನೋಡಲು ಹೆದರಿಕೆ. ಕಂಪೌಂಡರ್ ಬಂದು ಪೇಶಂಟುಗಳು ಬಂದಿದ್ದಾರೆ ಎಂದ. "ಇಲ್ಲಿಗೇ ಕಳಸು" ಎಂದರು. ಬೂತಿನ ಹೊರಗಿನ ಬೆಂಚಿನ ಮೇಲೆಯೇ ದವಾಖಾನೆ ಶುರುವಾಯಿತು. ಒಬ್ಬರ ನಾಲಿಗೆ ನೋಡಿದರು, ಒಬ್ಬರ ನಾಡಿ ಹಿಡಿದರು, ನಡುನಡುವೆ ಫೋನಿನ ಕಡೆ ನೋಡಿದರು. ಬೂತಿನ ಮಾಲಕ ಬಂದ ಗಿರಾಕಿಗಳಿಗೆಲ್ಲ "ಲೈನ್ ಖರಾಬ್ ಐತ್ರಿ" ಎಂದು ಸುಳ್ಳು ಹೇಳಿ ವಾಪಸು ಕಳಿಸುತ್ತಿದ್ದ. ಅವನಿಗೆ ನಾವು ಏನೂ ಕೇಳಿರಲಿಲ್ಲ.

ನಾನು ಯೋಚಿಸುತ್ತಿದ್ದೆ. ಇಲ್ಲೇ ಇದ್ದಿದ್ದರೆ ರಿಕ್ಷಾದಲ್ಲಿ ಕರೆತಂದು ಈ ಬೆಂಚಿನ ಮೇಲೆ ಮಲಗಿಸಿದ್ದರೂ ಆಗುತ್ತಿತ್ತು. ಸೋವಿ ಎಂದು ಬಂದದ್ದು ಸೋವಿಯೇ ಆಯಿತು, ನಿಜ. ಆದರೆ ಹೊಟ್ಟೆಯನ್ನು ಜೊತೆಗೆ ಒಯ್ದಳು, ಡಾಕ್ಟರನ್ನು ಇಲ್ಲಿಯೇ ಬಿಟ್ಟಳು. ಅಂಥ ಸೋವಿಗೆ ಏನು ಅರ್ಥ?

ಫೋನ್ ಹೊಡೆದುಕೊಂಡಾಗ ಮೂವರೂ ಒಟ್ಟಿಗೆ ಎದ್ದೆವು. ಡಾಕ್ಟರು ಎತ್ತಿದರು. ಬರೀ "ಹ್ಞಾಂ... ಹ್ಞಾಂ..." ಎನ್ನುತ್ತಿದ್ದರು. ಕೊನೆಗೆ ರಿಸೀವರ್ ಇಟ್ಟು ನನ್ನ ಕಡೆ ತಿರುಗಿದರು.

"ತಗದಾರ. ಬಾಳ ಕೀವು ಇತ್ತಂತ. ಇನ್ನ ಭಯಾ ಇಲ್ಲ."

ನಾನು ಅತ್ತೆ. ಬಸ್ ಸ್ಟ್ಯಾಂಡಿನ ಎದುರಿಗೆ, ಅರ್ಧ ಗಡ್ಡದಲ್ಲಿ, ಹುಡುಗರಿಗೆ ಪಾಠ ಹೇಳುವ ಮಾಸ್ತರ. ನಾಚಿಕೆಯೇನೂ ಆಗಲಿಲ್ಲ.

ಡಾಕ್ಟರು ಬೆಂಚಿನ ಮೇಲೆ ಕುಳಿತು ಚಹಾ ತರಿಸಿದರು. ಕೊರಳಿನ ಸ್ಟೆಥೊಸ್ಕೋಪನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಮಾಸ್ತರ, ಒಂದು ಮಾತು ಹೇಳ್ತೇನಿ," ಎಂದರು. "ಇನ್ನಮ್ಯಾಲೆ ಸೋವಿ ಅಂತ ಹೊರದೇಶದಿಂದ ಯಾರರ ಬಂದ್ರ ನಾ ಮುಟ್ಟೂದಿಲ್ಲ. ಅಕಿ ಅವತ್ತ ಕೇಳಾಕ ಬಂದಿದ್ಲು. ನಾ ನಕ್ಕು ಬಿಟ್ಟೆ. ಇಲ್ಲೇ ಇರಾಕಿ ಆಗಿದ್ರ ನಗಬಹುದಿತ್ತು. ನನ್ನ ಕೈ ಅಷ್ಟು ದೂರ ನಿಲುಕೂದಿಲ್ಲರಿ."

ಮೊನ್ನೆ ಭಾನುವಾರ ಪಕ್ಕದ ಮನೆಗೆ ಮತ್ತೆ ಫೋನ್ ಬಂತು. ಗಿರಿಜೆಯೇ. ದನಿ ಗಟ್ಟಿಯಾಗಿತ್ತು. ಗಾಯ ಒಣಗುತ್ತಿದೆ, ಗಂಡನಿಗೆ ಎಲ್ಲೋ ಸಣ್ಣ ಕೆಲಸ ಸಿಕ್ಕಿದೆ, ಆಸ್ಪತ್ರೆಯ ಬಿಲ್ಲು ಬಂದಿದೆ. ಬಿಲ್ಲಿನ ಮಾತು ಕೇಳಬೇಡ ಅಣ್ಣಾ ಎಂದಳು. ನಾನು ಕೇಳಲಿಲ್ಲ.

ಆಮೇಲೆ ದನಿ ತಗ್ಗಿಸಿದಳು.

"ಅಣ್ಣಾ, ಇಲ್ಲಿ ನನ್ನ ಗೆಳತಿ ಒಬ್ಬಾಕಿ ಅದಾಳ. ಪಾಪ, ಅಕಿಗೂ ಇನ್ಶೂರೆನ್ಸ್ ಇಲ್ಲ. ಅಕಿಗೂ ಹರಳು ಆಗ್ಯಾವು, ರಾತ್ರೆಲ್ಲಾ ಒದ್ದಾಡತಾಳ. ನಾನ ಧೈರ್ಯ ಹೇಳೇನಿ. ಮುಂದಿನ ತಿಂಗಳ ಟಿಕೆಟ್ ತಗಸಾಕತ್ತಾಳ. ನೀ ಡಾಕ್ಟರಿಗೆ ಒಂದು ಮಾತು ಹೇಳು."

"ಗಿರಿಜಾ, ಇಷ್ಟೆಲ್ಲಾ ಆದಮ್ಯಾಲೂ? ಹೊಳ್ಳಿ ಅಲ್ಲಿಗೆ ಹೋದಮ್ಯಾಲೆ ಏನರ ಆದ್ರ?"

"ಅದನ್ನೂ ಹೇಳೇನಣ್ಣಾ. ಏನರ ಆದ್ರ ನಮ್ಮ ಡಾಕ್ಟರು ಫೋನಿನಾಗ ನೋಡ್ತಾರ ಅಂತ."

ಈಗ ಹೇಳಿ, ಈ ಮಾತನ್ನು ರಾಣೆಬೆನ್ನೂರಿಗೆ ಹೋಗಿ ಡಾಕ್ಟರ ಮುಂದೆ ಹೇಳುವ ಎದೆಗಾರಿಕೆ ನಿಮ್ಮಲ್ಲಿ ಯಾರಿಗಿದೆ?