ಆಚೆ ದಡದವರ ದಿಮ್ಮಿ

ನಾನು ಚಿಕ್ಕವಳಿದ್ದಾಗ ನಮ್ಮೂರಿಗೂ ಆಚೆ ದಡದ ಊರಿಗೂ ನಡುವೆ ಇದ್ದುದು ಒಂದು ಹೊಳೆ, ಒಂದು ಮುಗಿಯದ ಜಗಳ. ಎರಡೂ ಕಡಲಂಚಿನ ಸಣ್ಣ ಪೇಟೆಗಳು, ಎರಡಕ್ಕೂ ಅನ್ನ ಕೊಡುತ್ತಿದ್ದುದು ಮರ. ಘಟ್ಟದಲ್ಲಿ ಕಡಿದ ದಿಮ್ಮಿಗಳು ಹೊಳೆಯಲ್ಲಿ ತೇಲಿ ಬರುತ್ತಿದ್ದವು. ಯಾವುದು ಯಾರದೆಂದು ತಿಳಿಯಲು ತುದಿಗೆ ಸುತ್ತಿಗೆಯಿಂದ ಗುರುತು ಹೊಡೆಯುತ್ತಿದ್ದರು. ನಮ್ಮದು ಮೀನು, ಅವರದು ಚಂದ್ರ. ಊರೆಲ್ಲ ಹಸಿ ಮರದ ವಾಸನೆ. ಊಟದ ತಟ್ಟೆಯಲ್ಲೂ ಗರಗಸದ ಹೊಟ್ಟು. ನಮ್ಮ ಮರವೇ ಮೇಲು ಎಂದು ಎರಡೂ ಊರಿನವರು ಹೇಳುತ್ತಿದ್ದರು. ಒಂದೇ ಕಾಡಿನ ಮರ, ಅದು ಹೇಗೆ ಎಂದು ನಾನು ಕೇಳಿದರೆ ತಲೆಗೊಂದು ಮೊಟಕು ಬೀಳುತ್ತಿತ್ತು.

ಒಂದು ಬೆಳಿಗ್ಗೆ ಆಚೆ ದಡದವರು ದೋಣಿಯಲ್ಲಿ ನಮ್ಮೂರಿನ ಮರದ ಮಿಲ್ಲಿಗೆ ಬಂದು, ತುದಿ ಕತ್ತರಿಸಿದ್ದ ಒಂದು ದಿಮ್ಮಿ ತೋರಿಸಿದರು. "ಇದು ನಮ್ಮ ದಿಮ್ಮಿ. ಗುರುತು ಕೊಯ್ದು ಹಾಕಿದ್ದೀರಿ. ಕಳ್ಳತನ ಅಲ್ಲದೆ ಮತ್ತೆಂತ ಇದು?"

ಗರಗಸದ ಮೇಸ್ತ್ರಿ ನಮ್ಮ ಅಪ್ಪ. ಸೀಳು ಬಿಟ್ಟು ಕೆಸರು ಮೆತ್ತಿಕೊಂಡಿದ್ದ ಅದರ ತುದಿಯನ್ನು ಹಿಂದಿನ ದಿನ ಗುರುತು ನೋಡದೆಯೇ ಕತ್ತರಿಸಿಬಿಟ್ಟಿದ್ದರು. "ಮೀನೇ ಇತ್ತು," ಎಂದು ನಮ್ಮವರೆಲ್ಲ ಕೂಗಿದರು. ನೋಡಿದವರು ಒಬ್ಬರೂ ಇರಲಿಲ್ಲ.

ನಾನು ಮನೆಗೆ ಓಡಿದೆ. ಅಪ್ಪ ಸೌದೆಗೆಂದು ತಂದಿದ್ದ ಆ ತುಂಡು ಬಚ್ಚಲೊಲೆಯ ರಾಶಿಯಲ್ಲಿತ್ತು. ತೊಳೆದು ನೋಡಿದೆ. ಚಂದ್ರ.

"ಒಲೆಗೆ ಹಾಕಿ ಸುಮ್ನೆ ಕೂತ್ಕೊ ಮಾರಾಯ್ತಿ," ಎಂದಳು ಅಕ್ಕ. "ಅಪ್ಪನಿಗೆ ಕಳ್ಳ ಅಂತಾರೆ."

"ಈಗ ಬರೀ ಅಂತಾರೆ. ಸುಟ್ಟರೆ ಅದು ನಿಜ ಆಗ್ತದೆ," ಎಂದೆ.

ತುಂಡನ್ನು ಹೊತ್ತು ತಂದು ಎಲ್ಲರ ಮುಂದೆ ಇಟ್ಟೆ. ಅಪ್ಪ ಅದನ್ನೆತ್ತಿ ದಿಮ್ಮಿಗೆ ಜೋಡಿಸಿದರು. ಸೀಳಿಗೆ ಸೀಳು ಸರಿಯಾಗಿ ಕೂತಿತು. "ನೋಡದೆ ಕೊಯ್ದೆ. ತಪ್ಪು ನನ್ನದು. ತಗೊಂಡು ಹೋಗಿ," ಎಂದರು. ಆಚೆಯವರು ಕಳ್ಳತನದ ಮಾತು ಮತ್ತೆ ಎತ್ತಲಿಲ್ಲ. ನಮ್ಮವರೇ, "ಈ ಹುಡುಗಿಯನ್ನ ಆಚೆ ದಡಕ್ಕೇ ಮದುವೆ ಮಾಡಿ ಕೊಡಿ ಮಾರಾಯ್ರೆ," ಎಂದು ಹಂಗಿಸಿದರು.

ಮೂರು ದಿನ ಅಪ್ಪ ನನ್ನೊಂದಿಗೆ ಮಾತಾಡಲಿಲ್ಲ. ನಾನೂ ತಪ್ಪಾಯಿತು ಎನ್ನಲಿಲ್ಲ. ನಾಲ್ಕನೆಯ ದಿನ ಹೊಸ ದಿಮ್ಮಿಯ ಮುಂದೆ ನಿಂತು ಅವರೇ ಕರೆದರು: "ಬಾ, ಗುರುತು ನೋಡಿ ಹೇಳು."

ಮಕ್ಕಳೇ, ನೀವು ಬೆಳೆಯುತ್ತಿರುವ ಜಯನಗರದಲ್ಲಿ ಹೊಳೆಯಿಲ್ಲ. ನಿಮ್ಮ ಆಚೆ ದಡ ಎಂದರೆ ಬನಶಂಕರಿಯ ಕ್ರಿಕೆಟ್ ಟೀಮು. ಭಾನುವಾರ ನಿಮ್ಮನ್ನು ಗೆಲ್ಲಿಸಿದ ಕೊನೆಯ ರನ್ನಿಗೆ, ಸ್ಟಂಪ್ ಬಿದ್ದಾಗ ಬ್ಯಾಟು ಗೆರೆ ಮುಟ್ಟಿರಲಿಲ್ಲ. "ಅಂಪೈರೇ ಔಟ್ ಕೊಟ್ಟಿಲ್ಲ, ಬಿಡಜ್ಜಿ," ಅಂದಿರಿ. ವಿಡಿಯೋ ನಿಮ್ಮ ಫೋನಿನಲ್ಲೇ ಇದೆ, ನಾನೂ ನೋಡಿದ್ದೇನೆ. ಬನಶಂಕರಿಯವರ ನಂಬರೂ ಇದೆಯಲ್ಲ, ಕಳಿಸಿ. ನಾನು ಇಲ್ಲೇ ಕೂತಿರುತ್ತೇನೆ.