ಮದುವೆ ಮುಗೀಲಿ

ಬಲಗೈಯ ಮಚ್ಚೆ ನೋಡಿ ಹಿಂದೂಪುರದ ಆಸ್ಪತ್ರೆಯಲ್ಲಿ ಕುಷ್ಠ ಎಂದರು. ನಮ್ಮ ಕಡೆ ಆ ಹೆಸರು ಯಾರೂ ಎತ್ತುವುದಿಲ್ಲ, ದೊಡ್ಡರೋಗ ಅಂತಾರೆ. ಮಾತ್ರೆ ತಿಂದರೆ ವಾಸಿ, ಇನ್ನು ಯಾರಿಗೂ ಅಂಟುವುದಿಲ್ಲ ಎಂದ ಡಾಕ್ಟರಮ್ಮ ಒಂದು ಎಚ್ಚರ ಹೇಳಿದ್ದರು. ಮಚ್ಚೆ ಕೆಂಪಗೆ ಊದಿದರೆ, ಮೊಣಕೈ ನೋವು ಬಂದರೆ ಅವತ್ತೇ ಬರಬೇಕು. ಸಾಯುತ್ತಿರುವ ರೋಗಾಣುಗಳ ಮೇಲೆ ನಮ್ಮ ಮೈಯೇ ತಿರುಗಿಬೀಳುತ್ತದಂತೆ, ನಡುವೆ ಸಿಕ್ಕಿದ ನರ ಹಾಳಾಗುತ್ತದಂತೆ.

ಅದು ಊದಬೇಕೇ, ಮಗಳ ಮದುವೆಯ ವಾರದಲ್ಲೇ. ಬೀಗರು ಕಲ್ಯಾಣದುರ್ಗದವರು, ಮದುವೆಯೂ ಅಲ್ಲೇ. ಮೊಣಕೈ ಬಾಗಿಲಿಗೆ ತಾಗಿದರೆ ಜೀವ ಬಾಯಿಗೆ ಬರುತ್ತಿತ್ತು.

"ಮದ್ವೆ ಮುಗೀಲಿ ಕಣೆ, ಆಮೇಲೆ ಹೋಗಾನ. ಈಗ ಆಸ್ಪತ್ರೆ ಸೇರ್ಕಂಡ್ರೆ ಯಾಕೆ ಅಂತ ಕೇಳ್ತಾರೆ. ಗೊತ್ತಾದ್ರೆ ಹುಡುಗೀನ ಬಿಟ್ಬುಡ್ತಾರೆ," ಎಂದರು ಯಜಮಾನರು. ನನಗೂ ಅದೇ ಭಯ. ಉದ್ದ ತೋಳಿನ ರವಿಕೆ ಹೊಲಿಸಿಕೊಂಡೆ.

ಹೊರಡುವ ಹಿಂದಿನ ದಿನ ಬಳೆಗಾರ್ತಿ ಬಂದಳು. ಹುಣಿಸೆಹಣ್ಣು ಬಡಿದು ಬೀಜ ತೆಗೆದು ಒರಟಾದ ಕೈ ನನ್ನದು. ಬಳೆ ಏರಿಸುವಾಗ ಪ್ರತಿಸಲ ಕಣ್ಣೀರು ಬರುತ್ತಿತ್ತು. ಅವಳು ಕೈ ಹಿಂಡುತ್ತಾ, "ನೊಪ್ಪಿಗಾ ಉಂದಾ ತಲ್ಲೀ?" ಎಂದು ತೆಲುಗಿನಲ್ಲಿ ನೋವು ಕೇಳಿದಳು. ಕಿರುಬೆರಳ ಕಡೆ ಏನೂ ಗೊತ್ತಾಗಲಿಲ್ಲ. ಇಲ್ಲ ಎಂದೆ. ಈ ಸಲ ಎಷ್ಟು ಸಲೀಸಾಗಿ ಏರಿತು ಎಂದು ಹೆಂಗಸರು ನಕ್ಕರು. ನಾನೂ ನಕ್ಕೆ. ಸೆರಗಿನಡಿ ಕಿರುಬೆರಳು ಚಿವುಟಿ ನೋಡಿಕೊಂಡೆ.

ಧಾರೆ ಎರೆದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎರಡು ಬೆರಳು ಮಡಚಿಕೊಂಡಿದ್ದವು. ಡಾಕ್ಟರಮ್ಮ ಮೊಣಕೈ ಹಿಂದಿನ ನರ ಒತ್ತಿ ನೋಡಿ, ಬೆರಳ ಸಂದಿಯಲ್ಲಿ ಕಾಗದ ಇಟ್ಟು ಬಿಗಿಯಾಗಿ ಹಿಡಿ ಎಂದು ಎಳೆದರೆ ಸುಮ್ಮನೆ ಬಂದುಬಿಟ್ಟಿತು. ಊತ ಇಳಿಯಲು ತಿಂಗಳುಗಟ್ಟಲೆ ಬೇರೆ ಮಾತ್ರೆ ಕೊಟ್ಟರು. ಊತ ಇಳಿಯಿತು, ಬೆರಳು ನೆಟ್ಟಗಾಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆಮೇಲೊಮ್ಮೆ ಮಗಳನ್ನು ನೋಡಲು ಕಲ್ಯಾಣದುರ್ಗಕ್ಕೆ ಹೋದೆ. ಊಟಕ್ಕೆ ಕೂತರೆ ಕಲಸಿದ ಅನ್ನ ಬೆರಳ ಸಂದಿಯಿಂದ ತಟ್ಟೆಗೇ ಬೀಳುತ್ತಿತ್ತು. ಬೀಗಿತ್ತಿ ನೋಡುತ್ತಲೇ ಇದ್ದರು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ಹಿಂದೆಯೇ ಬಂದು, ಥೇಟ್ ಡಾಕ್ಟರಮ್ಮನ ಹಾಗೆ ನನ್ನ ಮೊಣಕೈ ಹಿಂದೆ ಒತ್ತಿ ನೋಡಿದರು.

"ಮಾತ್ರೆ ತಿಂತಿದ್ದೀರಾ ಅಕ್ಕಾ?"

ಹೂಂ ಎಂದೆ.

"ನಾನೂ ತಿಂದಿವ್ನಿ. ನಂಗೂ ಹಿಂಗೇ ಊದ್ಕಂಡಿತ್ತು, ಅವತ್ತೇ ಓಡಿದೆ. ಒಂದ್ ಮಾತು ಹೇಳ್ಬಾರ್ದಾಗಿತ್ತಾ? ಮದ್ವೆ ಮುಂದಕ್ಕೆ ಹಾಕ್ತಿದ್ವಿ ಕಣಕ್ಕಾ."

ಸಿಟ್ಟು ನೆತ್ತಿಗೇರಿತು. "ನೀವ್ಯಾಕೆ ಹೇಳ್ಲಿಲ್ಲ?" ಎಂದೆ.

"ಗೊತ್ತಾದ್ರೆ ನೀವು ಹೆಣ್ಣು ಕೊಡಲ್ಲ ಅಂತ," ಎಂದು ಚೊಂಬು ಬಗ್ಗಿಸಿ ನನ್ನ ಕೈ ತೊಳೆದರು. ಅವರ ಐದೂ ಬೆರಳು ನೆಟ್ಟಗಿದ್ದವು.